ಸಾಕ್ಷಿ ಹುಡುಕುತ್ತ ಕಿತ್ತೂರಿಗೆ

ರಾಮದುರ್ಗದ ವಕೀಲರ ಕಚೇರಿಯಿಂದ ನಾನೂ ಅಕ್ಕನೂ ನೇರವಾಗಿ ಬಸ್ ನಿಲ್ದಾಣಕ್ಕೆ ಬಂದೆವು. ಕಟಕೋಳದ ಹತ್ತಿರ ಅಕ್ಕನಿಗೆ ಲಿಂಬೆ ತೋಟವಿತ್ತು. ಹಿಂದಿನ ತಿಂಗಳು ಗುಡ್ಡದ ಬೆಂಕಿ ಇಳಿದು ಬಂದು ತೋಟವನ್ನೂ ದನದ ಕೊಟ್ಟಿಗೆಯನ್ನೂ ಸುಟ್ಟುಹಾಕಿತ್ತು.

"ತಹಶೀಲ್ದಾರರಿಗೆ ಅರ್ಜಿ ಕೊಟ್ರ ಸರಕಾರದ ಪರಿಹಾರ ಬರಬಹುದು, ಅದು ಸ್ವಲ್ಪ" ಎಂದಿದ್ದರು ವಕೀಲರು. "ಪೂರಾ ನಷ್ಟ ಬೇಕಂದ್ರ ವಿದ್ಯುತ್ ಕಂಪನಿ ಮ್ಯಾಲೆ ದಾವೆ ಹಾಕಬೇಕ್ರಿ. ವರ್ಷಗಟ್ಟಲೆ ಹಿಡಿತೈತಿ. ತಂತಿ ಕಿಡಿಯಿಂದನ ಬೆಂಕಿ ಹತ್ತಿತು ಅನ್ನಾಕ ನೋಡಿದವರೂ ಬೇಕು."

ನಮಗೆ ತಿಳಿದಂತೆ ನೋಡಿದವನು ಒಬ್ಬನೇ, ಆ ದಿನ ಗುಡ್ಡದಲ್ಲಿ ಕುರಿ ಮೇಯಿಸುತ್ತಿದ್ದ ಲಗಮಪ್ಪ. ತೋಟಕ್ಕೆ ಓಡಿಬಂದು ಕೂಗಿ ಎಚ್ಚರಿಸಿದವನೂ ಅವನೇ. ಈಗ ಹಿಂಡು ಹೊಡೆದುಕೊಂಡು ಕಿತ್ತೂರಿನ ಕಡೆ ಹೋಗಿದ್ದಾನೆಂದು ಸುದ್ದಿ.

ಆಧಾರ್ ಕಾರ್ಡ್ ತೋರಿಸಿ ಹೆಂಗಸರ ಉಚಿತ ಟಿಕೆಟ್ ಪಡೆದೆವು. ಸೀಟು ಮಾತ್ರ ಸಿಗಲಿಲ್ಲ. ಸವದತ್ತಿಯವರೆಗೂ ನಿಂತೇ ಬಂದೆವು. ಅಲ್ಲಿ ಬಸ್ಸು ಬದಲಿಸುವಾಗ ಚುರಮುರಿ, ಮಿರ್ಚಿ ಕೊಂಡೆ. ಅಕ್ಕ ಮಿರ್ಚಿಯನ್ನು ಕೈಯಲ್ಲೇ ಹಿಡಿದು ಕುಳಿತಳು.

"ಹಸಿವಿಲ್ಲೇನ?"

"ಹಸಿವ ಐತಿ. ಅಗಿಯಾಕ ಬ್ಯಾಸರ."

ಬೈಲಹೊಂಗಲದ ನನ್ನ ಮನೆಯಲ್ಲಿ ಉಳಿದು ಮರುದಿನ ಮತ್ತೆ ಬಸ್ಸು ಹತ್ತಿದೆವು. ಕಿತ್ತೂರಿನ ಚಹಾ ಅಂಗಡಿಗಳಲ್ಲಿ ಕೇಳುತ್ತ ನಡೆದು, ಊರ ಹೊರಗೆ ರಸ್ತೆ ಪಕ್ಕದ ಹೊಲದಲ್ಲಿ ಹಿಂಡು ಕಂಡಾಗ ಮಧ್ಯಾಹ್ನವಾಗಿತ್ತು. ಬಿಸಿಲಿಗೆ ಕುರಿಗಳು ಒಂದರ ಹೊಟ್ಟೆಯ ಕೆಳಗೆ ಇನ್ನೊಂದು ತಲೆ ಹುದುಗಿಸಿ ನಿಂತಿದ್ದವು.

"ಕುಂದರ್ರಿ ಅಕ್ಕಾರ" ಎಂದು ಲಗಮಪ್ಪ ಕಂಬಳಿ ಹಾಸಿದ. ವಿಷಯ ಕೇಳಿ ತಲೆ ತಗ್ಗಿಸಿದ. "ಪರವಾನಗಿ ಇಲ್ಲದ ಗುಡ್ಡದಾಗ ಕುರಿ ಯಾಕ ಬಿಟ್ಟಿದ್ದಿ ಅಂತ ನನ್ನನ್ನ ಹಿಡಿತಾರ್ರಿ. ಇವನ್ನ ಬಿಟ್ಟು ಬರಾಕೂ ಆಗಂಗಿಲ್ಲ."

ಅಕ್ಕ ವಾದಿಸಲಿಲ್ಲ. "ಆತು ಬಿಡಪಾ" ಎಂದು ಮೊಣಕಾಲಿಗೆ ಕೈಯೂರಿ ಎದ್ದಳು.

ಒಲೆಯ ಮುಂದಿದ್ದ ಅವನ ಹೆಂಡತಿ ಮಾಯವ್ವ ತಿರುಗಿದಳು. "ನಮ್ಮ ಕುರಿನೂ ಸುಟ್ಟು ಸತ್ತಾವಲ್ಲ, ಅದನ್ನ ಯಾಕ ಹೇಳವಲ್ರಿ?"

ನಮಗದು ಗೊತ್ತೇ ಇರಲಿಲ್ಲ. ಅಕ್ಕ ಮತ್ತೆ ಕುಳಿತಳು.

"ಗಬ್ಬದ ಕುರಿ ಇದ್ದೂರಿ" ಎಂದಳು ಮಾಯವ್ವ. "ಓಡಾಕ ಆಗಲಿಲ್ಲ ಅವಕ್ಕ."

ಅಕ್ಕ ಅವಳ ಕಡೆ ಸರಿದು, "ಅದನ್ನೂ ವಕೀಲರ ಮುಂದ ಹೇಳೂಣು. ನಿಮಗೂ ಪರಿಹಾರ ಕೇಳಾಕ ಬರತೈತೇನು ಅಂತ ವಿಚಾರಿಸೂಣು" ಎಂದಳು.

"ಪರವಾನಗಿ ಕೇಳಿದ್ರ?" ಎಂದ ಲಗಮಪ್ಪ.

"ಕೇಳಲಿ" ಎಂದಳು ಮಾಯವ್ವ. "ಕಿಡಿ ಹಾರಿದ್ದ ನಾನೂ ನೋಡೇನಿ. ಕುರಿ ನೀವು ಕಾಯ್ರಿ, ನಾ ಹೋಗಿ ಬರತೇನಿ."

ಆ ಹೊಲದ ಎದುರಿಗೇ ಕೈ ಮಾಡಿ ಬಸ್ಸು ನಿಲ್ಲಿಸಿದೆವು. ಈ ಸಲ ಮೂವರಿಗೂ ಸೀಟು ಸಿಕ್ಕಿತು. ಬಸ್ಸು ಹೊರಡುತ್ತಲೇ ಅಕ್ಕ ಮಾಯವ್ವನ ಭುಜಕ್ಕೆ ಒರಗಿ ನಿದ್ದೆ ಹೋದಳು. ಅವಳು ಏಳದಂತೆ ಮಾಯವ್ವ ಭುಜ ಅಲುಗಿಸದೆ, ಕತ್ತು ಮಾತ್ರ ಹೊರಳಿಸಿ, ತಿರುವು ಬಂದು ಹಿಂಡು ಮರೆಯಾಗುವವರೆಗೂ ಕಿಟಕಿಯಿಂದ ನೋಡುತ್ತಿದ್ದಳು.