ನಮ್ಮ ಸಾಲಿಗೆ ಬಂದ ವಾಗ್ದಾನ

ಕೊಬ್ಬರಿ ಎಣ್ಣೆ ಬಿಸಿಯಾಗುವ ವಾಸನೆ ಮೂಗಿಗೆ ಬಿದ್ದರೆ ಬೇರೆಯವರಿಗೆ ಹಬ್ಬದ ತಲೆಸ್ನಾನ ನೆನಪಾಗಬಹುದು, ನನಗೆ ಪ್ರಾರ್ಥನೆ ನೆನಪಾಗುತ್ತದೆ. ಹಾಸನದಲ್ಲಿ ನಾನಿರುವ ಬಾಡಿಗೆ ಮನೆಯ ಕೆಳಗಡೆ ಈಗೊಬ್ಬ ಬಾಣಂತಿ ಇದ್ದಾಳೆ. ಅವಳ ತಾಯಿ ಬೆಳಿಗ್ಗೆ ಮಗುವಿಗೆ ಹಚ್ಚಲು ಎಣ್ಣೆ ಕಾಯಿಸುತ್ತಾರೆ. ಆ ವಾಸನೆ ಮೆಟ್ಟಿಲು ಹತ್ತಿ ಬಂದಿತೆಂದರೆ ಕೈಯಲ್ಲಿನ ಕಾಫಿ ಆರುತ್ತದೆ, ಆಫೀಸಿಗೆ ತಡವಾಗುತ್ತದೆ, ನಾನು ಮಾತ್ರ ಚನ್ನರಾಯಪಟ್ಟಣದ ಕಾಯಿ ಮಂಡಿಗಳ ಹಿಂದಿನ ಓಣಿಯಲ್ಲಿ, ಸಿಮೆಂಟ್ ಶೀಟಿನ ಆ ಎರಡು ಕೋಣೆಯ ಮನೆಯಲ್ಲಿ ಇರುತ್ತೇನೆ. ಪಾಸ್ಟರ್ ಪ್ರಾರ್ಥಿಸಿ ಕೊಟ್ಟ ಎಣ್ಣೆ ಹಳೆಯ ಕೆಮ್ಮಿನ ಔಷಧಿಯ ಬಾಟಲಿಯಲ್ಲಿರುತ್ತಿತ್ತು. ಡಿಸೆಂಬರಿನ ಚಳಿಗೆ ಅದು ಬೆಳ್ಳಗೆ ಗಟ್ಟಿಯಾದಾಗ ಅವ್ವ ಬಾಟಲಿಯನ್ನು ಒಲೆಯ ಪಕ್ಕ ಇಟ್ಟು ಕರಗಿಸಿ, ಹೆಬ್ಬೆರಳಿನಿಂದ ನನ್ನ ಹಣೆಗೆ, ಅಪ್ಪನ ಹಣೆಗೆ ಹಚ್ಚಿ, ಉಳಿದ ಜಿಡ್ಡನ್ನು ತನ್ನ ಒಡೆದ ಹಿಮ್ಮಡಿಗೆ ಸವರಿಕೊಳ್ಳುತ್ತಿದ್ದಳು. ದೇವರ ಎಣ್ಣೆಯನ್ನು ಕಾಲಿಗೆ ಹಚ್ಚಬಹುದಾ ಎಂದು ನಾನು ಕೇಳಿದರೆ, "ಕಾಲ್ನೂ ಅವ್ನೇ ಕೊಟ್ಟಿರಾದು ಕಣ್ ಮಗ" ಎಂದು ನಗುತ್ತಿದ್ದಳು.

ಅವ್ವ ಮಂಡಿಯೊಂದರಲ್ಲಿ ತೆಂಗಿನಕಾಯಿ ಆರಿಸುವ ಕೆಲಸಕ್ಕೆ ಹೋಗುತ್ತಿದ್ದಳು, ಅಪ್ಪ ಗಾರೆ ಕೆಲಸದವನು. ನಾನು ಹುಟ್ಟುವ ಮುಂಚೆಯೇ ಇಬ್ಬರೂ ಹೊಳೆನರಸೀಪುರದ ಕಡೆಯ ಹಳ್ಳಿ ಬಿಟ್ಟು ಬಂದು ಇಲ್ಲಿ ದೀಕ್ಷಾಸ್ನಾನ ಮಾಡಿಸಿಕೊಂಡು ಕ್ರೈಸ್ತರಾಗಿದ್ದರು. ಮಂಡಿಯಲ್ಲಿ ಪುಟ್ಟಲಕ್ಷ್ಮಿಯಾಗಿದ್ದ ಅವ್ವ ಚರ್ಚಿನ ಸಭೆಯಲ್ಲಿ ಲಿಡಿಯಮ್ಮ. ಯಾವ ಹೆಸರಿಗೆ ಕರೆದರೂ ಒಂದೇ ಥರ 'ಆಂ?' ಎಂದು ತಿರುಗುತ್ತಿದ್ದಳು. ದಿನಾ ಸಂಜೆ ಊಟಕ್ಕೆ ಮುಂಚೆ ಮೂವರೂ ಚಾಪೆಯ ಮೇಲೆ ಕೂತು ಪ್ರಾರ್ಥನೆ ಮಾಡುತ್ತಿದ್ದೆವು. ಅದು ಮುಗಿದ ಮೇಲೆ ಅಪ್ಪ ಸಿಮೆಂಟಿಗೆ ಒರಟಾದ ಕೈಯಲ್ಲಿ ನನ್ನ ಗಲ್ಲ ಹಿಡಿದು ಕೇಳುತ್ತಿದ್ದ. "ಇವತ್ತೇ ಸತ್ತೋದ್ರೆ ಎಲ್ಲಿಗೋಯ್ತೀಯವ್ವ?" "ಪರಲೋಕಕ್ಕೆ." "ಗ್ಯಾರಂಟಿನಾ?" "ಗ್ಯಾರಂಟಿ." ಮಗುವಿನ ಹತ್ತಿರ ಇದೆಂಥ ಮಾತು ಎಂದು ನಿಮಗೆ ಅನ್ನಿಸಬಹುದು. ನಮಗೆ ಅದು ತಟ್ಟೆ ಹಾಕುವಷ್ಟೇ ಸಲೀಸಾಗಿತ್ತು. ಮಳೆ ಬಂದರೆ ಶೀಟು ಸೋರುತ್ತಿತ್ತು, ಅಪ್ಪನಿಗೆ ಕೆಲಸ ಸಿಗದ ವಾರ ಮುದ್ದೆಗೆ ಉಪ್ಸಾರೇ ಗತಿಯಾಗುತ್ತಿತ್ತು. ಆದರೆ ಕೊನೆಗೆ ಎಲ್ಲಿಗೆ ಹೋಗುತ್ತೇವೆ ಎಂಬುದು ಆಗಲೇ ತೀರ್ಮಾನವಾಗಿದ್ದರಿಂದ ನಡುವಿನ ಕಷ್ಟಕ್ಕೆ ನಾವು ಅಷ್ಟಾಗಿ ಹೆದರುತ್ತಿರಲಿಲ್ಲ. ಅಷ್ಟು ನಿಶ್ಚಿಂತೆಯ ಮನೆಯನ್ನು ಆಮೇಲೆ ನಾನು ಎಲ್ಲೂ ನೋಡಲಿಲ್ಲ.

ನನಗೆ ಹನ್ನೊಂದು ವರ್ಷವಾಗಿದ್ದಾಗ ಅವ್ವನ ಎದೆಯಲ್ಲಿ ಗಂಟು ಕಾಣಿಸಿಕೊಂಡಿತು. ಹಾಸನದ ಆಸ್ಪತ್ರೆಯಲ್ಲಿ ಪರೀಕ್ಷೆಯೆಲ್ಲ ಮಾಡಿ, ಬೇಗ ತೆಗೆಸಿದರೆ ಉಳಿಯುತ್ತಾಳೆ ಎಂದು ಹೇಳಿ, ಜನವರಿಯಲ್ಲಿ ಆಪರೇಷನ್ನಿಗೆ ದಿನ ಬರೆದುಕೊಟ್ಟರು. ಸಾವಿಗೆ ಹೆದರದ ನನ್ನ ಅವ್ವ ಕತ್ತರಿಗೆ ಹೆದರಿದಳು. ಮುದ್ದೆ ತೊಳಸುತ್ತಿದ್ದವಳು ಹಾಗೇ ಕೋಲು ಹಿಡಿದು ಕೂತುಬಿಡುತ್ತಿದ್ದಳು, ಸಾರು ಉಕ್ಕಿ ಒಲೆ ಆರಿದರೂ ಅವಳಿಗೆ ಗೊತ್ತಾಗುತ್ತಿರಲಿಲ್ಲ. ಅವಳಿಗೆ ಧೈರ್ಯ ಬರಬೇಕು, ನಗುತ್ತಾ ಆಸ್ಪತ್ರೆಗೆ ಹೋಗಿ ಬರಬೇಕು ಎಂಬುದಷ್ಟೇ ನನ್ನ ಆಸೆಯಾಗಿತ್ತು. ಇದನ್ನು ಎಷ್ಟು ಸಲ ಹೇಳಿಕೊಂಡರೂ ನನಗೆ ಸಮಾಧಾನವಿಲ್ಲ.

ನಮ್ಮ ಸಭೆಯಲ್ಲಿ ಹೊಸ ವರ್ಷದ ಬೆಳಗಿನ ಆರಾಧನೆಯಲ್ಲಿ ವಾಗ್ದಾನದ ಚೀಟಿ ಎತ್ತುವ ಪದ್ಧತಿ ಇತ್ತು. ಬಣ್ಣದ ಕಾಗದದ ತುಂಡುಗಳಲ್ಲಿ ಬೈಬಲಿನ ಒಂದೊಂದು ವಾಕ್ಯ ಬರೆದು, ಮಡಚಿ, ಸ್ಟೀಲ್ ತಟ್ಟೆಯಲ್ಲಿಟ್ಟು ಸಾಲುಸಾಲಾಗಿ ಹಿಡಿದುಕೊಂಡು ಹೋಗುತ್ತಿದ್ದರು. ಕಣ್ಣು ಮುಚ್ಚಿ ಎತ್ತಿಕೊಂಡ ವಾಕ್ಯವೇ ಆ ವರ್ಷ ದೇವರು ನಿಮಗೆ ಕೊಟ್ಟ ಮಾತು. ಒಬ್ಬರಿಗೆ ಸಮಾಧಾನದ ಮಾತು, ಒಬ್ಬರಿಗೆ ಅನ್ನದ ಮಾತು, ಒಬ್ಬರಿಗೆ ಶತ್ರುಗಳಿಂದ ಬಿಡುಗಡೆ. ನನ್ನ ಅಕ್ಷರ ದುಂಡಗಿದ್ದುದರಿಂದ ಆ ವರ್ಷ ಪಾಸ್ಟರ್ ಹೆಂಡತಿ ಪಟ್ಟಿ ಕೊಟ್ಟು ಚೀಟಿಗಳನ್ನೆಲ್ಲ ನನ್ನಿಂದಲೇ ಬರೆಸಿದ್ದರು. ಹೆಂಗಸರ ಸಾಲುಗಳಿಗೆ ತಟ್ಟೆ ಹಿಡಿಯುವುದೂ ನನ್ನ ಪಾಲಿಗೆ ಬಂದಿತ್ತು. ನಾನು ಉಳಿದ ಕಾಗದದಲ್ಲಿ, ನಿನ್ನ ರೋಗ ವಾಸಿಮಾಡುತ್ತೇನೆ ಎಂಬ ಅರ್ಥದ ಒಂದೇ ವಾಕ್ಯವನ್ನು ಎಂಟು ಸಲ ಬರೆದು ಜೇಬಿನಲ್ಲಿಟ್ಟುಕೊಂಡೆ. ಅವ್ವ ಕೂರುವ ಸಾಲಿನಲ್ಲಿ ಎಂಟು ಹೆಂಗಸರಿರುತ್ತಿದ್ದರು. ಅವಳ ಕೈ ಯಾವುದನ್ನು ಎತ್ತಿದರೂ ಅದೇ ಬರಬೇಕಲ್ಲ, ಅದಕ್ಕೆ ಎಂಟು. ಕೊನೆಯದಾದ ಆ ಸಾಲಿಗೆ ಬರುವ ಮುಂಚೆ ಕಂಬದ ಮರೆಯಲ್ಲಿ ತಟ್ಟೆಯ ಚೀಟಿಗಳನ್ನು ಜೇಬಿಗೆ ಸುರಿದು ನನ್ನವನ್ನು ಹಾಕಿದೆ.

ಯಾವಾಗಲೂ ಚೀಟಿಯನ್ನು ಅವರವರೇ ಮನಸ್ಸಿನಲ್ಲಿ ಓದಿಕೊಳ್ಳುತ್ತಿದ್ದರು. ಆ ದಿನ ಪಾಸ್ಟರಿಗೆ ಏನನ್ನಿಸಿತೋ, ಎಲ್ಲರೂ ಎದ್ದು ನಿಂತು ಗಟ್ಟಿಯಾಗಿ ಓದಿ ಎಂದರು. ನಾನು ಖಾಲಿ ತಟ್ಟೆಯನ್ನು ಜೇಬಿಗೆ ಅಡ್ಡ ಹಿಡಿದುಕೊಂಡೆ. ಅವ್ವನ ಸಾಲಿನ ಮೊದಲನೆಯವರು ಓದಿದರು, ಎರಡನೆಯವರದ್ದೂ ಅದೇ, ಮೂರನೆಯವರದ್ದೂ ಅದೇ. ಗಂಡ ಕುಡಿತ ಬಿಡಲಿ ಎಂದು ಮೂರು ದಿನ ಉಪವಾಸವಿದ್ದ ಪಕ್ಕದ ಮನೆಯ ಜಯಮ್ಮ ತನ್ನ ಚೀಟಿ ನೋಡಿ, "ನಂಗೇನಾಗೈತೆ, ಗುಂಡ್ಕಲ್ ಇದ್ದಂಗಿವ್ನಿ" ಎಂದು ಗೊಣಗಿದಳು. ಅವ್ವನ ಸರದಿ ಬಂದಾಗ ಅವಳು ಓದದೆ ಚೀಟಿಯನ್ನು ಎದೆಗೆ ಒತ್ತಿಕೊಂಡು ನಿಂತಳು. ಎಂಟನೆಯವರೂ ಅದನ್ನೇ ಓದಿದಾಗ ಇಡೀ ಸಭೆ ಸ್ತೋತ್ರ ಸ್ತೋತ್ರ ಎಂದು ಕೂಗತೊಡಗಿತು. ಯಾರಿಗಾದರೂ ಒಬ್ಬರಿಗೆ ಅನುಮಾನ ಬರಬೇಕಿತ್ತು. ಯಾರಾದರೂ ಬಂದು ನನ್ನ ಕಿವಿ ಹಿಂಡಿ ಜೇಬು ನೋಡಬೇಕಿತ್ತು. ಎಂಟು ಚೀಟಿ ಒಂದೇ ಬಂದದ್ದನ್ನು ನೋಡಿ ಮಗುವಿನ ಕೈವಾಡ ಎಂದುಕೊಳ್ಳುವ ಬದಲು ದೇವರು ಒಂದೇ ಮಾತನ್ನು ಎಂಟು ಸಲ ಹೇಳಿದ್ದಾನೆ ಎಂದುಕೊಂಡ ಜನ ನಾವು. ಅದನ್ನು ನೆನೆದರೆ ನನಗೆ ಈಗಲೂ ನಗು ಬರುವುದಿಲ್ಲ, ಸಂಕಟವಾಗುತ್ತದೆ.

ಮನೆಗೆ ಬಂದವಳೇ ಅವ್ವ ಆಪರೇಷನ್ ಬೇಡವೆಂದಳು. ಅರಕಲಗೂಡಿನ ಕಡೆಯ ಹಳ್ಳಿಯಿಂದ ಅವಳ ತಾಯಿ, ನನ್ನ ಅಜ್ಜಿ, ಬಂದಳು. ಅಜ್ಜಿ ನಮ್ಮ ದೇವರಿಗೆ ಬಂದವಳಲ್ಲ. "ಡಾಕ್ಟ್ರು ತವ ಓಗ್ಬ್ಯಾಡ ಅಂತ ನಿನ್ ದ್ಯಾವ್ರು ಯೋಳವ್ನೇನೇ? ಎಳೆ ಮಗ ಅದೆ, ಓಗಿ ಕುಯ್ಸ್ಕಂಡ್ ಬಾರೇ" ಎಂದು ಅತ್ತು ಕರೆದಳು. ಪಾಸ್ಟರೂ ಬಂದು, ದೇವರು ಡಾಕ್ಟರ ಕೈಯಿಂದಲೂ ವಾಸಿಮಾಡುತ್ತಾನೆ, ಹೋಗಿ ಬಾರಮ್ಮ ಎಂದರು. ಅವ್ವ ಶಾಂತವಾಗಿ, "ಎಂಟ್ ಸಲ ಯೋಳವ್ನೆ ಪಾಸ್ಟ್ರೆ. ಇನ್ನೆಷ್ಟ್ ಸಲ ಯೋಳ್ಬೇಕು ಅವ್ನು?" ಎಂದಳು. ಅಪ್ಪ ಗೋಡೆಗೆ ಒರಗಿ ಕೂತು ಆಸ್ಪತ್ರೆಯವರು ದಿನ ಬರೆದುಕೊಟ್ಟ ಕಾಗದವನ್ನು ಮಡಚುತ್ತಾ ಬಿಚ್ಚುತ್ತಾ ಇದ್ದ. ನಾನು ಬಾಗಿಲ ಹತ್ತಿರ ನಿಂತಿದ್ದೆ. ಹೇಳಿಬಿಡಬೇಕೆಂದು ನಾಲಿಗೆಯ ತುದಿಯವರೆಗೆ ಬಂತು. ದೇವರ ಮಾತನ್ನು ಕದ್ದವಳಿಗೆ ನರಕವೇ ಗತಿ ಎಂಬ ಭಯ ಒಂದು ಕಡೆ, ಅವ್ವನ ಮುಖದಲ್ಲಿ ಎಷ್ಟೋ ದಿನದ ಮೇಲೆ ಬಂದ ಕಳೆ ಇನ್ನೊಂದು ಕಡೆ. ಬಾಯಿ ತೆರೆಯಲಿಲ್ಲ.

ಆಪರೇಷನ್ನಿನ ದಿನ ಬಂತು, ಹೋಯಿತು. ಆಮೇಲಿನ ಎರಡು ತಿಂಗಳು ಅವ್ವ ಎಷ್ಟು ಸಂತೋಷವಾಗಿದ್ದಳೆಂದರೆ, ನನ್ನ ತಪ್ಪನ್ನು ನಾನೇ ಮರೆತು ನಿಜವಾಗಿಯೂ ದೇವರೇ ನನ್ನ ಕೈ ಹಿಡಿದು ಬರೆಸಿರಬಹುದು ಎಂದುಕೊಳ್ಳತೊಡಗಿದ್ದೆ. ಅವ್ವ ಮಂಡಿಯಲ್ಲಿ ಕಾಯಿ ಆರಿಸುತ್ತಾ ಹಾಡುತ್ತಿದ್ದಳು, ನನ್ನ ಜಡೆಗೆ ಕನಕಾಂಬರ ಮುಡಿಸುತ್ತಿದ್ದಳು, ಚೀಟಿಯನ್ನು ದಿಂಬಿನ ಕೆಳಗಿಟ್ಟು ದಿನಾ ಸಂಜೆ ನನ್ನಿಂದ ಓದಿಸುತ್ತಿದ್ದಳು. ಯುಗಾದಿಯ ಹೊತ್ತಿಗೆ ತೋಳು ಊದಿಕೊಂಡಿತು. ನೋವು ತಡೆಯಲಾರದೆ ಸೆರಗನ್ನು ಬಾಯಿಗೆ ತುರುಕಿಕೊಳ್ಳುವ ದಿನ ಬಂದಾಗ ಅಪ್ಪ ಅವಳ ಮಾತು ಕೇಳದೆ ಹಾಸನಕ್ಕೆ ಕರೆದುಕೊಂಡು ಹೋದ. ಇನ್ನು ಕತ್ತರಿಸಿ ಪ್ರಯೋಜನವಿಲ್ಲ, ನೋವಿಗೆ ಮಾತ್ರೆ ಕೊಡುತ್ತೇವೆ ಎಂದರು.

ಮೇ ತಿಂಗಳ ಒಂದು ಮಧ್ಯಾಹ್ನ, ಶೀಟು ಕಾದು ಮನೆ ಬಾಣಲೆಯಾಗಿತ್ತು. ಅಪ್ಪ ಕೆಲಸಕ್ಕೆ ಹೋಗಿದ್ದ. ನಾನು ಅವ್ವನಿಗೆ ಬೀಸಣಿಗೆ ಬೀಸುತ್ತಾ ಕೂತಿದ್ದೆ. ಚೀಟಿ ಓದು ಎಂದಳು. ನನ್ನಿಂದಾಗಲಿಲ್ಲ. ಅಳುತ್ತಾ ಎಲ್ಲ ಹೇಳಿಬಿಟ್ಟೆ, ಕಂಬದ ಮರೆ, ಜೇಬು, ಎಂಟು ಚೀಟಿ, ಒಂದನ್ನೂ ಬಿಡದೆ. ಅವ್ವ ಮೇಲೆ ಶೀಟಿನ ಕಡೆಗೇ ನೋಡುತ್ತಾ ಮಲಗಿದ್ದಳು. ಆಮೇಲೆ, "ನಿಮ್ಮಪ್ಪಂಗೆ ಯೋಳ್ಬ್ಯಾಡ. ಆ ನಂಬ್ಕೆನೇ ಇಡ್ಕಂಡು ಬದುಕ್ತಾ ಅದೆ ಆ ಜೀವ. ಯಾವತ್ತೂ ಯೋಳ್ಬ್ಯಾಡ" ಎಂದಳು. ನಾನು ಹೇಳುವುದಿಲ್ಲ ಎಂದು ಅವಳ ಕೈ ಮೇಲೆ ಕೈಯಿಟ್ಟೆ. "ತಲೆ ನವೆಯಾಗ್ತದೆ, ವಸಿ ಕೆರಿ" ಎಂದಳು. ಕೆರೆದೆ. ಅವತ್ತಿನಿಂದ ಅವಳು ಚೀಟಿ ಓದು ಎಂದು ಹೇಳಲೇ ಇಲ್ಲ. ಪ್ರಾರ್ಥನೆಗೆ ಎಲ್ಲರೂ ಬಂದು ಸುತ್ತ ನಿಂತಾಗ ಗೋಡೆಯ ಕಡೆಗೆ ಹೊರಳಿಕೊಳ್ಳುತ್ತಿದ್ದಳು. ನೋವಿಗೆ ಹೊರಳಿದಳೆಂದು ಅವರೆಲ್ಲ ತಿಳಿದರು. ಜೂನಿನಲ್ಲಿ ಹೋದಳು. ಮಣ್ಣು ಮಾಡುವಾಗ ಪಾಸ್ಟರ್, ನಮ್ಮ ಸಹೋದರಿ ಪೂರ್ಣ ಭರವಸೆಯಲ್ಲಿ ನಿದ್ರೆ ಹೋಗಿದ್ದಾಳೆ ಎಂದರು. ಎಲ್ಲರೂ ಆಮೆನ್ ಎಂದರು, ನಾನೂ ಅಂದೆ.

ಆಮೇಲೆ ನಮ್ಮ ಮನೆಯಲ್ಲಿ ಸಂಜೆಯ ಪ್ರಾರ್ಥನೆ ನಡೆಯುತ್ತಿತ್ತು, ಆದರೆ ಅಪ್ಪ ನನ್ನ ಗಲ್ಲ ಹಿಡಿದು ಆ ಪ್ರಶ್ನೆ ಕೇಳುವುದನ್ನು ಬಿಟ್ಟ. ನಾನು ದೊಡ್ಡವಳಾಗುತ್ತಿದ್ದೇನೆ, ಅದಕ್ಕೆ ಎಂದುಕೊಂಡೆ. ನನಗೆ ಹಾಸನದ ಕಾಲೇಜೊಂದರ ಆಫೀಸಿನಲ್ಲಿ ಕೆಲಸ ಸಿಕ್ಕಿದ ಮೇಲೆ ಅವನನ್ನೂ ಕರೆದುಕೊಂಡು ಬಂದೆ. ಓಣಿಯ ಮನೆಗಳನ್ನು ಕೆಡವಿ ಲಾರಿ ನಿಲ್ಲಿಸುವ ಜಾಗ ಮಾಡಿದರು. ಅಜ್ಜಿ ತೀರಿಕೊಂಡಳು, ಜಯಮ್ಮನೂ ಗುಂಡುಕಲ್ಲಿನಂತೆಯೇ ಇದ್ದು ಒಂದು ದಿನ ಕೂತಲ್ಲೇ ಹೋದಳಂತೆ. ಇಪ್ಪತ್ತು ವರ್ಷಕ್ಕೂ ಮೇಲೆ ನಾನು ಅವ್ವನಿಗೆ ಕೊಟ್ಟ ಮಾತು ಉಳಿಸಿಕೊಂಡೆ. ಅಪ್ಪ ಭಾನುವಾರ ತಪ್ಪದೆ ಸಭೆಗೆ ಬರುತ್ತಿದ್ದ, ಹಿಂದಿನ ಬೆಂಚಿನಲ್ಲಿ ಕೂರುತ್ತಿದ್ದ, ಯೇಸುವಿನ ನೆನಪಿಗೆ ಹಂಚುವ ಕರ್ತನ ಭೋಜನದ ರೊಟ್ಟಿ ಬಂದಾಗ ಮಾತ್ರ ತಲೆ ತಗ್ಗಿಸಿ ಮುಂದಕ್ಕೆ ಕಳಿಸಿಬಿಡುತ್ತಿದ್ದ. ಯಾಕಪ್ಪ ಎಂದರೆ ಹಲ್ಲುನೋವು ಎನ್ನುತ್ತಿದ್ದ.

ಹೋದ ವರ್ಷ ಮಳೆಗಾಲದಲ್ಲಿ ಅವನು ಹಾಸಿಗೆ ಹಿಡಿದ. ಸಿಮೆಂಟಿನ ಧೂಳು ಕುಡಿದ ಶ್ವಾಸಕೋಶ, ಡಾಕ್ಟರು ಆಸೆ ಇಡಬೇಡಿ ಎಂದಿದ್ದರು. ಒಂದು ಬೆಳಿಗ್ಗೆ ಗಂಜಿ ಕುಡಿಸುತ್ತಿದ್ದಾಗ ನನ್ನ ಕೈ ಹಿಡಿದುಕೊಂಡ. "ನಂಗೆ ಭಯ ಆಯ್ತದೆ ಕಣವ್ವ. ನಾನು ಎಲ್ಲಿಗೋಯ್ತೀನೋ ಗೊತ್ತಿಲ್ಲ" ಎಂದ. ನಾನು ಗಂಜಿಯ ಲೋಟ ಕೆಳಗಿಟ್ಟೆ. ಅವನು ಉಸಿರು ತೆಗೆದುಕೊಳ್ಳುತ್ತಾ, ನಿಲ್ಲಿಸುತ್ತಾ ಹೇಳಿದ. "ಆಪ್ರೇಸನ್ ದಿನ ಕಳ್ದ್ ಮ್ಯಾಲೆ ನಿಮ್ಮವ್ವಂಗೆ ಯೋಳ್ದಲೆ ಆಸ್ನಕ್ಕೋಗಿದ್ದೆ. ಇನ್ನೊಂದ್ ದಿನ ಬರ್ಸ್ಕಂಡ್ ಬಂದು ಜೇಬಲ್ಲಿ ಮಡಿಕ್ಕಂಡಿದ್ದೆ. ಅವ್ಳ ಮುಂದೆ ತೆಗ್ಯಕೆ ಧೈರ್ಯ ಬರ್ನಿಲ್ಲ. ದೇವ್ರು ಎಂಟ್ ಸಲ ಮಾತು ಕೊಟ್ಟಿದ್ದ, ನಾನು ನಂಬ್ನಿಲ್ಲ. ನನ್ನ ಅಪನಂಬಿಕೆ ನೋಡಿ ಅವ್ನು ಮಾತು ವಾಪಸ್ ತಗಂಡ. ಅವ್ಳನ್ನ ನಾನೇ ಕೊಂದೆ." ಹಲ್ಲುನೋವಿನ ಗುಟ್ಟು ನನಗೆ ಆಗ ತಿಳಿಯಿತು, ಪಾಪ ಹೊತ್ತವರು ಆ ರೊಟ್ಟಿ ಮುಟ್ಟಬಾರದೆಂಬ ಭಯ ಅದು. ಅವನ ನಂಬಿಕೆ ಉಳಿಯಲಿ ಎಂದು ಅವ್ವ ಮುಚ್ಚಿಡಿಸಿದ್ದು ಅವನನ್ನು ಇಷ್ಟು ವರ್ಷ ಒಳಗೇ ತಿಂದಿತ್ತು.

"ಅಪ್ಪ, ಆ ಚೀಟಿ ದೇವ್ರು ಕೊಟ್ಟಿದ್ದಲ್ಲ, ಎಂಟೂ ನಾನೇ ಬರ್ದು ತಟ್ಟೆಗೆ ಹಾಕಿದ್ದು" ಎಂದೆ. ಅವನು ನನ್ನನ್ನೇ ನೋಡಿದ. ಹೊಡೆಯಲಿ, ಉಗಿಯಲಿ, ಎದ್ದು ಹೋಗು ಅನ್ನಲಿ ಎಂದು ನಾನು ತಲೆ ತಗ್ಗಿಸಿ ಕೂತೆ. ಅವನ ಎದೆಯಿಂದ ಒಂದು ಸದ್ದು ಬಂತು. ಕೆಮ್ಮು ಎಂದುಕೊಂಡೆ, ನಗುತ್ತಿದ್ದ. "ಅಂಗಾರೆ ಅವ್ನು ಮಾತಿಗೆ ತಪ್ನಿಲ್ಲ. ಮಾತೇ ಕೊಟ್ಟಿರ್ನಿಲ್ಲ ಅವ್ನು!" ಎಂದ. ಕಣ್ಣಿಂದ ನೀರು ಇಳಿದು ಕಿವಿಗೆ ಹೋಗುತ್ತಿತ್ತು. ಒಳ್ಳೆಯ ಸುದ್ದಿ ತಂದ ಮಗಳೆಂಬಂತೆ ನನ್ನ ತಲೆ ಸವರಿದ. ಕಾಫಿ ಬೇಕೆಂದು ಕೇಳಿ ಕುಡಿದ. ಪಾಸ್ಟರನ್ನು ಕರೆಸಿ, ಇಷ್ಟು ವರ್ಷ ಮುಟ್ಟದ ರೊಟ್ಟಿಯನ್ನು ಗಂಜಿಯಲ್ಲಿ ನೆನೆಸಿ ತಿಂದ. ಆರನೆಯ ದಿನ, ಅವ್ವ ಬಾಗಿಲಲ್ಲಿ ಕಾಯುತ್ತಿರುತ್ತಾಳೆ ಎಂದು ಹೇಳಿಕೊಂಡು, ಮದುವೆ ಮನೆಗೆ ಹೊರಟವನ ಹಾಗೆ ಹೋದ. ನಾನು ಇಷ್ಟು ವರ್ಷ ಇದನ್ನು ಹೇಗೆ ಹೊತ್ತೆ ಎಂದು ಅವನು ಕೇಳಲಿಲ್ಲ. ಅಷ್ಟು ಸಂತೋಷದಲ್ಲಿ ಅವನಿಗೆ ಅದು ಹೊಳೆಯಲಿಲ್ಲ, ಅವನ ಮೇಲೆ ನನಗೆ ಕೋಪವಿಲ್ಲ.

ಭಾನುವಾರ ಸಭೆಯಲ್ಲಿ ರಕ್ಷಣೆಯ, ಅಂದರೆ ಪರಲೋಕ ಸಿಕ್ಕೇ ಸಿಗುತ್ತದೆಂಬ, ನಿಶ್ಚಯವಿರುವವರು ಕೈಯೆತ್ತಿ ಎನ್ನುತ್ತಾರೆ. ಸುತ್ತಲೂ ಕೈಗಳು ಮೇಲೇಳುತ್ತವೆ, ನನ್ನದು ಮಡಿಲಲ್ಲೇ ಇರುತ್ತದೆ. ದೇವರು ಕ್ಷಮಿಸುತ್ತಾನೆ ಎಂದು ನನಗೆ ಗೊತ್ತು, ಚಿಕ್ಕಂದಿನಿಂದ ಬಾಯಿಪಾಠ. ಆದರೆ ನಾನು ಸಾಯಿಸಿದ್ದು ದೇವರನ್ನಲ್ಲ. ಅಪ್ಪ ಅವ್ವ ನಂಬಿದ್ದ ಪರಲೋಕದ ಊರು ನಿಜವಾಗಿದ್ದರೆ ಇಬ್ಬರೂ ಈಗ ಒಟ್ಟಿಗೆ ಕೂತಿರುತ್ತಾರೆ, ಕೊಟ್ಟ ಮಾತನ್ನು ನಾನು ಮುರಿದದ್ದೂ ಅವ್ವನಿಗೆ ತಿಳಿದಿರುತ್ತದೆ. ಆ ಮಧ್ಯಾಹ್ನ ನಾನು ಅಷ್ಟು ಅತ್ತರೂ ಅವ್ವ ಬೈಯಲಿಲ್ಲ ನಿಜ, ಆದರೆ 'ಓಗ್ಲಿ ಬುಡು ಮಗ' ಎಂದೂ ಅನ್ನಲಿಲ್ಲ. ಆ ಒಂದು ಮಾತನ್ನು ಅವಳ ಬಾಯಿಂದ ಕೇಳುವುದಕ್ಕಾದರೂ ನಾನು ಅಲ್ಲಿಗೆ ಹೋಗಬೇಕು, ಹೋಗುತ್ತೇನೋ ಇಲ್ಲವೋ ನನಗೆ ಗೊತ್ತಿಲ್ಲ.