ಕೇಳುಗರಿಗೆಂದು ಬಿಟ್ಟ ಸಾಲು

ಆ ದಿನ ಕತ್ತಲಲ್ಲಿ ಕುಳಿತು ಹಾಡಿದವಳು ನಾನು, ಮಾಸ್ತರರ ಶಿಷ್ಯೆಯಲ್ಲ. ಅವರು ಬದುಕಿರುವವರೆಗೂ ಇದನ್ನು ನಾನು ಹೇಳಲಿಲ್ಲ.

ಎಂಬತ್ತರ ದಶಕದ ಆರಂಭದಲ್ಲಿ, ಸನ್ನಿವೇಲಿನ ಅಪಾರ್ಟ್‌ಮೆಂಟಿನಲ್ಲಿ ಮಾಸ್ತರರು ನಮ್ಮ ನೆರೆಯವರು. ಎಸ್ಟೋನಿಯಾದಲ್ಲಿ ಶಾಲಾ ಉಪಾಧ್ಯಾಯರಾಗಿದ್ದು, ವೃಂದಗಾನಗಳನ್ನು ರಚಿಸುತ್ತಿದ್ದವರು. ಎರಡನೆಯ ಮಹಾಯುದ್ಧದ ಕಾಲದಲ್ಲಿ ದೋಣಿ ಹತ್ತಿ ದೇಶ ಬಿಟ್ಟವರು. ನಾನೂ ಮೈಸೂರಿನಲ್ಲಿ ಪಾಠ ಹೇಳಿದವಳಾದ್ದರಿಂದ ಸ್ನೇಹ ಬೇಗ ಬೆಳೆಯಿತು. ತಮ್ಮ ಶಾಲೆಗೆಂದು ರಚಿಸಿದ್ದ ಒಂದು ಹಾಡಿನ ಕೊನೆಯ ಸಾಲನ್ನು ಅವರು ವೃಂದಕ್ಕೆ ಕಲಿಸುತ್ತಿರಲಿಲ್ಲ. ಅದು ಕೇಳುಗರದು — ಕುಳಿತ ಮಕ್ಕಳೇ ಹಾಡಿ ಮುಗಿಸಬೇಕು. ಇಲ್ಲಿ ಅವರು ನಡೆಸುತ್ತಿದ್ದ ವೃಂದವೂ ಅಲ್ಲಿಗೇ ನಿಲ್ಲುತ್ತಿತ್ತು. ಅವರು ಕೈಯೆತ್ತಿ ಕಾಯುತ್ತಿದ್ದರು. ಯಾರೂ ಹಾಡುತ್ತಿರಲಿಲ್ಲ. ಮನೆಯಲ್ಲಿ ಮಾತ್ರ, ಗೋಡೆಯಾಚೆ, ಅವರೊಬ್ಬರೇ ಅದನ್ನು ಗುನುಗುವುದು ನನಗೆ ಕೇಳಿಸುತ್ತಿತ್ತು; ಕೇಳಿ ಕೇಳಿ ಪದಗಳು ಬಾಯಿಗೆ ಬಂದಿದ್ದವು.

ಹತ್ತಿರದ ಊರಾದ ಕ್ಯಾಂಪ್‌ಬೆಲ್ಲಿನ ಒಂದು ಚರ್ಚಿನಲ್ಲಿ, ದೀಪ ಆರಿಸಿ ನಡೆದ ಅವರ ಕಾರ್ಯಕ್ರಮದಲ್ಲಿ, ಮತ್ತೆ ಆ ಮೌನ ಬಂದಾಗ ನನಗೆ ತಡೆಯಲಾಗಲಿಲ್ಲ. ಹಾಡಿಬಿಟ್ಟೆ. ಉಚ್ಚಾರಣೆ ನಿರ್ದುಷ್ಟವಾಗಿತ್ತು — ಆ ಬಗ್ಗೆ ಇಂದಿಗೂ ನನಗೆ ಸಂಶಯವಿಲ್ಲ. ಅದೇ ಅನರ್ಥವಾಯಿತು.

ನಮಗೆ ಬೆನ್ನು ಮಾಡಿ ನಿಂತಿದ್ದ ಅವರು ಸರಕ್ಕನೆ ತಿರುಗಿದರು. "ಮಾರೆತ್! ಮಾರೆತ್!"

ದೋಣಿ ಹತ್ತುವ ನೂಕುನುಗ್ಗಲಿನಲ್ಲಿ ಕೈತಪ್ಪಿಹೋದ, ಆ ಸಾಲು ಬಲ್ಲ ಶಿಷ್ಯೆಯ ಹೆಸರದು. ದೀಪ ಹತ್ತಿದ ಮೇಲೆ ಅವರು ಬಾಗಿಲಲ್ಲಿ ನಿಂತು, ಹೊರಹೋಗುವ ಒಬ್ಬೊಬ್ಬರ ಮುಖವನ್ನೂ ನೋಡಿದರು. ನನ್ನನ್ನೂ ನೋಡಿದರು — ನಕ್ಕು, ಮುಂದಿನವರತ್ತ ತಿರುಗಿದರು.

ಕಾರಿನಲ್ಲಿ ನನ್ನ ಪತಿ, "ಮೇಷ್ಟ್ರಮ್ಮಾ, ನಾನೇ ಹಾಡಿದ್ದು ಅಂತ ನಾಳೆ ಹೇಳ್ಬಿಡು," ಎಂದರು.

"ಅವರ ಮುಖ ನೋಡಿದ್ರಲ್ಲಾ, ಹೇಗ್ರೀ ಹೇಳ್ಲಿ?"

"ನಮ್ಮ ತಪ್ಪಾದ್ರೆ ಕೆಂಪು ಇಂಕಲ್ಲಿ ತಿದ್ತೀಯ!"

ಮರುದಿನವೂ ನಾನು ಹೇಳಲಿಲ್ಲ.

ಕೆಲವು ವಾರಗಳಲ್ಲಿ ಮಾಸ್ತರರನ್ನು ಕರೆದೊಯ್ಯಲು ಟೊರಾಂಟೋದಿಂದ ಅವರ ಮಗಳು ಬಂದಳು. ಪೆಟ್ಟಿಗೆಗಳು ಸಿದ್ಧವಾಗಿದ್ದವು. ಅವರು ಹೊರಡಲಿಲ್ಲ. "ಮಾರೆತ್ ಇಲ್ಲೇ ಎಲ್ಲೋ ಇದ್ದಾಳೆ. ಬಂದಾಗ ನಾನು ಇಲ್ಲಿರಬೇಡವೇ?" ಎಂದು ನನ್ನನ್ನೇ ಕೇಳಿದರು. ಆಗಲಾದರೂ — ನಾನು ಚಹಾ ಸೋಸುತ್ತ ನಿಂತೆ.

ಮುಂದೆ ಅವರ ಪ್ರತಿಯೊಂದು ಕಾರ್ಯಕ್ರಮಕ್ಕೂ ಹೋದೆ. ಆ ಮೌನದಲ್ಲಿ ತುಟಿ ಬಿಗಿಹಿಡಿದು ಕುಳಿತೆ. ಮೂರನೆಯ ಚಳಿಗಾಲದಲ್ಲಿ ಅವರು ಆ ಮನೆಯಲ್ಲಿಯೇ, ಒಬ್ಬರೇ, ತೀರಿಕೊಂಡರು. ಅಂತ್ಯಕ್ರಿಯೆಯ ದಿನ ಮಗಳು ನನ್ನ ಕೈ ಹಿಡಿದು, "ಮಾರೆತ್ ಸಿಕ್ಕರೆ ತಿಳಿಸುತ್ತೀರಾ?" ಎಂದಳು. ತಿಳಿಸುತ್ತೇನೆ ಎಂದೆ.

ಕರುಣೆಯಿಂದ ಸುಮ್ಮನಿದ್ದೆ ಎಂದು ಬಹುಕಾಲ ನಂಬಿದ್ದೆ. ಅದು ಕರುಣೆಯಲ್ಲ, ಅವರ ಮುಖ ಬಾಡುವುದನ್ನು ನೋಡುವ ಧೈರ್ಯ ನನಗಿರಲಿಲ್ಲ. ಮಗಳು ಈಗಲೂ ಆಗಾಗ ಫೋನ್ ಮಾಡುತ್ತಾಳೆ. ಮಾರೆತ್ ವಿಷಯ ವಿಚಾರಿಸುತ್ತಾಳೆ. ಈ ಭಾನುವಾರ ನಾನೇ ಫೋನ್ ಮಾಡಿ ಹೇಳುತ್ತೇನೆ: ನಿಮ್ಮ ತಂದೆ ಅಂದು ನಿಮ್ಮೊಡನೆ ಬರದೇಹೋದದ್ದು ನನ್ನಿಂದ.