ಮುಖ ನೋಡದ ಸಾಕ್ಷಿ

ಮೊಮ್ಮಗಳ ಹೊಸ ಕರಿ ಕೋಟಿಗೆ ನಾನೇ ಇಸ್ತ್ರಿ ಹಾಕಿದೆ ಕಣ್ರೀ. ಬೇಡ ಅಂದಳು, ಬಿಡಲಿಲ್ಲ. ಅವಳು ಇವತ್ತು ಅರಸೀಕೆರೆ ಕೋರ್ಟಿನಲ್ಲಿ ಮೊದಲನೇ ಸಲ ವಾದ ಮಾಡ್ತಾಳೆ ಅಂದಮೇಲೆ ನನ್ನ ಕೈ ಸುಮ್ಮನಿರುತ್ತಾ? ಇಸ್ತ್ರಿಪೆಟ್ಟಿಗೆ ತಾಗಿದ್ದೇ ತಡ, ಕಾದ ಕರಿ ಬಟ್ಟೆಯ ವಾಸನೆ ಎದ್ದಿತು. ಅರವತ್ತು ವರ್ಷದ ಹಿಂದೆ ನಮ್ಮ ಲಾಯರು ಬಿಸಿಲಲ್ಲಿ ನಿಂತಾಗ ಅವರ ಕೋಟಿನಿಂದ ಬರ್ತಿದ್ದದ್ದೂ ಇದೇ ವಾಸನೆ.

ನಾನು ಓದಿದ್ದು ನಾಲ್ಕನೇ ಕ್ಲಾಸು. ಆದರೂ ಮೊಮ್ಮಗಳು ನನಗೆ ಕಾನೂನು ಹೇಳ್ತಾಳೆ. "ಅಜ್ಜೀ, ಆರೋಪಿ ಬಚಾವಾಗೋಕೆ ಬೇರೆ ಬೇರೆ ದಾರಿ ಇದೆ. ನಾನಲ್ಲಿ ಇರಲೇ ಇಲ್ಲ ಅನ್ನೋದು ಒಂದು, ಜೀವ ಉಳಿಸ್ಕೊಳ್ಳೋಕೆ ಹೊಡೆದೆ ಅನ್ನೋದು ಇನ್ನೊಂದು, ಬುದ್ಧಿ ಸ್ಥಿಮಿತದಲ್ಲಿರಲಿಲ್ಲ ಅನ್ನೋದು ಮತ್ತೊಂದು." ನನಗೆ ನಗು ತಡೆಯಲಾಗಲಿಲ್ಲ. ಇಷ್ಟನ್ನೂ ನಮ್ಮ ಯಜಮಾನರ ದೊಡ್ಡಪ್ಪ ಓದದೇ ಕಲಿತಿದ್ದರು!

ಆಗ ನಮ್ಮದು ಬೇಲೂರು. ಅರಸೀಕೆರೆ ಕಡೆಯಿಂದ ಇವರು ನನ್ನನ್ನು ನೋಡೋಕೆ ಬಂದು, ಒಪ್ಪಿ ಹೋದರು. ವಾರದೊಳಗೇ ಪೊಲೀಸರು ಇವರನ್ನು ಹಿಡಿದರು! ಅರಸೀಕೆರೆ ಕೊಬ್ಬರಿ ಸಂತೆಯ ಗಲಾಟೆಯಲ್ಲಿ ಒಬ್ಬ ದಲ್ಲಾಳಿಯ ತಲೆ ಒಡೆದಿತ್ತು. ಅವನು ಬೆರಳು ತೋರಿಸಿದ್ದು ಇವರ ಕಡೆಗೆ. ತಮಾಷೆ ನೋಡಿ, ಆ ಹೊತ್ತಿನಲ್ಲಿ ಇವರು ನಮ್ಮನೆ ಚಾಪೆ ಮೇಲೆ ಕೂತು ಕೇಸರಿಬಾತು ತಿಂತಿದ್ದರು.

ಜೈಲಾದರೆ ಮದುವೆ ಮುರಿದ ಹಾಗೆ. ನಮ್ಮಪ್ಪ ಆಗಲೇ ಬಿಕ್ಕೋಡಿನ ಗಂಡೊಂದನ್ನು ವಿಚಾರಿಸೋಕೆ ಶುರುಮಾಡಿದ್ದ. ನನಗೋ ಇವರೇ ಬೇಕು. ನಾನು ಕಾಫಿ ಲೋಟ ಇಡುವಾಗ ಮೆಲ್ಲಗೆ, "ಬಿಸಿ ಐತೆ, ಕೈ ಜೋಪಾನ" ಅಂದಿದ್ದರು. ಅಷ್ಟಕ್ಕೇ ನಾನು ಕರಗಿಹೋಗಿದ್ದೆ, ಪೆದ್ದಿ!

ಲಾಯರ ಮುಂದೆ ಆ ದೊಡ್ಡಪ್ಪ ಶುರುಹಚ್ಚಿದರು. "ನಮ್ ಹುಡುಗ ಅಲ್ಲಿ ಇರ್ಲೇ ಇಲ್ಲ ಬುದ್ಧಿ. ಇದ್ರೂ ಹೊಡೀಲಿಲ್ಲ. ಹೊಡೆದ್ರೂ ಅವ್ನೇ ಮೊದ್ಲು ಕೈ ಎತ್ತಿದ್ದ. ಅದೂ ಸಾಲ್ದು ಅಂದ್ರೆ, ಹುಣ್ಣಿಮೆಗೆ ಹುಡುಗನ ತಲೆ ಕೆಡ್ತೈತೆ ಅಂತ ಬರ್ಕೊಳಿ."

"ಅಯ್ಯಾ, ಯಾವುದಾದರೂ ಒಂದು ಹೇಳಪ್ಪ!"

"ಎಲ್ಲಾ ಇರ್ಲಿ ಬುದ್ಧಿ. ಯಾವ್ದು ಹತ್ತುತ್ತೋ ಹತ್ಲಿ."

ತಲೆ ಕೆಡೋ ಗಂಡಿಗೆ ಮಗಳನ್ನ ಕೊಡಲ್ಲ ಅಂತ, ಜೊತೆಗೆ ಬಂದಿದ್ದ ನಮ್ಮಪ್ಪ ಎದ್ದೇಬಿಟ್ಟ. ಲಾಯರು ಅವನನ್ನು ಕೂರಿಸಿ, "ನಿಜ ಒಂದೇ ಸಾಕು. ಬೇಲೂರಲ್ಲಿದ್ದ ಅಂತ ನಿಮ್ಮ ಹುಡುಗಿ ಬಂದು ಹೇಳಲಿ" ಅಂದರು.

"ಕಟಕಟೆ ಹತ್ತಿದ ಹುಡುಗೀನ ಯಾರು ಸ್ವಾಮಿ ಮದ್ವೆ ಆಗ್ತಾರೆ?"

"ಆರೋಪಿ ಕಟಕಟೇಲಿ ನಿಂತಿರ್ತಾನಲ್ಲ, ಅವನೇ!"

ಅಂತೂ ಅರಸೀಕೆರೆ ಕೋರ್ಟಿನ ಕಟಕಟೆ ಹತ್ತಿದೆ. ಸರ್ಕಾರದ ಲಾಯರು ಕೇಳಿದರು: "ಅವತ್ತು ನಿಮ್ಮನೆಗೆ ಬಂದೋನು ಇವನೇ ಏನಮ್ಮಾ? ಮುಖ ನೋಡಿ ಹೇಳು."

"ಮುಖ ನಾನು ನೋಡಿಲ್ಲ ಸ್ವಾಮಿ."

ನಮ್ಮ ಲಾಯರು ತಲೆಮೇಲೆ ಕೈಹೊತ್ತರು. ನಾನೇನು ಮಾಡಲಿ? ಹೆಣ್ಣು ನೋಡೋ ಶಾಸ್ತ್ರದಲ್ಲಿ ಹೆಣ್ಣು ತಲೆ ಎತ್ತುವ ಹಾಗೇ ಇರಲಿಲ್ಲವಲ್ಲ!

"ಮತ್ತೆ ಏನು ನೋಡಿದೆ?"

"ಕಾಲು. ಎಡಗಾಲಿನ ಎರಡನೇ ಬೆರಳು ಹೆಬ್ಬೆರಳಿನ ಮೇಲೆ ಹತ್ತಿ ಕೂತೈತೆ."

ಇವರು ನಿಂತಿದ್ದ ಕಟಕಟೆಗೆ ಕೆಳಗೆಲ್ಲ ಹಲಗೆ ಬಡಿದಿದ್ದರು. ಇವರ ಕಾಲು ಯಾರಿಗೂ ಕಾಣುವಂತಿರಲಿಲ್ಲ. ಮ್ಯಾಜಿಸ್ಟ್ರೇಟರು, "ಈಚೆ ಬಾರಪ್ಪ, ಕಾಲು ತೋರಿಸು" ಅಂದರು. ಬೆರಳು ರಾಜನ ಹಾಗೆ ಹತ್ತಿ ಕೂತಿತ್ತು! ಇಡೀ ಕೋರ್ಟು ನಕ್ಕಿತು. ಮುಂದಿನ ವಾಯಿದೆಗೆ ಇವರಿಗೆ ಬಿಡುಗಡೆ. ಅದರ ಹಿಂದೆಯೇ ನಮ್ಮ ಮದುವೆ. ಇವರ ಮುಖವನ್ನು ಸರಿಯಾಗಿ ನೋಡಿದ್ದು ಧಾರೆಯ ದಿನವೇ. ಪರವಾಗಿಲ್ಲ, ಕಾಲಿಗಿಂತ ಚೆನ್ನಾಗಿತ್ತು.

"ಅಜ್ಜೀ, ಈ ಹಾಳು ಬೆರಳು ಶೂ ಒಳಗೆ ಹೋಗ್ತಾನೇ ಇಲ್ಲ!" ಮೊಮ್ಮಗಳು ಹೊಸಿಲ ಮೇಲೆ ಕೂತು ಒದ್ದಾಡ್ತಿದ್ದಳು. ಅದೇ ಎಡಗಾಲು, ಅದೇ ಬೆರಳು. ಮಗುವಾಗಿದ್ದಾಗ ದಿನಾ ಎಣ್ಣೆ ಹಚ್ಚಿ, ನೀವಿ ನೀವಿ, ನೆಟ್ಟಗೆ ಮಾಡೋಕೆ ನಾನು ಪಟ್ಟ ಪಾಡು ಅಷ್ಟಿಷ್ಟಲ್ಲ. ಕುರ್ಚಿಯಲ್ಲಿದ್ದ ಅವಳ ಅಜ್ಜ ತಮ್ಮ ಕಾಲನ್ನು ಮೆಲ್ಲಗೆ ಒಳಗೆಳೆದುಕೊಂಡರು.

ಆ ಶೂ ಕಿತ್ತು ಮೂಲೆಗಿಟ್ಟೆ.

"ಚಪ್ಪಲೀನೇ ಹಾಕ್ಕೊಂಡು ಹೋಗೇ. ಆ ಬೆರಳಿನ ಮಾತನ್ನ ಆ ಕೋರ್ಟು ಹಿಂದೆ ಒಂದ್ಸಲ ಕೇಳೈತೆ."